ಏಳನೇ ತಂತಿಯ ಲೆಕ್ಕ

ಹತ್ತು ವರ್ಷ ಆರು ತಂತಿಯ ಗಿಟಾರ್ ನುಡಿಸಿದ ಮೇಲೆ ಏಳು ತಂತಿಯದ್ದನ್ನು ಕೊಳ್ಳಲು ಹೋಗಿದ್ದೆ. ಅಂಗಡಿಯ ಹುಡುಗ ಗೋಡೆಯಿಂದ ಒಂದನ್ನು ಇಳಿಸಿ ಕೈಗಿಟ್ಟ. "ಏನಿಲ್ಲ ಸರ್, ಒಂದು ತಂತಿ ಜಾಸ್ತಿ, ಅಷ್ಟೇ" ಎಂದ. ಎಲ್ಲಕ್ಕಿಂತ ದಪ್ಪದ ಆ ತಂತಿಯನ್ನು ಜೋರಾಗಿ ಮೀಟಿದೆ. ಸ್ವರ ಅಳೆಯುವ ಟ್ಯೂನರಿನ ಮುಳ್ಳು 'ಬಿ' ಸ್ವರವನ್ನು ದಾಟಿ ಬಲಕ್ಕೆ ಹಾರಿತು, ಆಮೇಲೆ ನಿಧಾನವಾಗಿ ಹಿಂದಕ್ಕೆ ಬಂತು. ಸದ್ದಿನಲ್ಲಿ ಸ್ವರಕ್ಕಿಂತ ಗಲಗಲವೇ ಜಾಸ್ತಿ ಇತ್ತು. ಪಕ್ಕದ ಇನ್ನೊಂದು ಗಿಟಾರ್ ತೆಗೆದುಕೊಂಡೆ. ಅಷ್ಟೇ ದಪ್ಪದ ತಂತಿ, ಅದೇ ಸ್ವರ. ಈ ಸಲ ಮುಳ್ಳು ಹೆಚ್ಚು ಅಲ್ಲಾಡಲಿಲ್ಲ. ಸ್ವರ ದಪ್ಪಗೆ, ನೆಟ್ಟಗೆ ಬಂತು.

ಎರಡರ ನಡುವೆ ಇದ್ದ ವ್ಯತ್ಯಾಸ ಒಂದೂವರೆ ಇಂಚು. ಮೊದಲನೆಯದರಲ್ಲಿ ತಂತಿಯ ಕಂಪಿಸುವ ಉದ್ದ 25.5 ಇಂಚು. ಎರಡನೆಯದರಲ್ಲಿ 27 ಇಂಚು. ಗಿಟಾರಿನವರು ಇದನ್ನು ಸ್ಕೇಲ್ ಲೆಂಗ್ತ್ ಅನ್ನುತ್ತಾರೆ. ಏಳು ಅಥವಾ ಎಂಟು ತಂತಿಯ ಗಿಟಾರ್ ಕೊಳ್ಳುವವರು ಬಣ್ಣ, ಮರ, ಪಿಕಪ್ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಈ ಸಂಖ್ಯೆಯನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂತಿಯ ಶ್ರುತಿ ಮೂರು ವಿಷಯಗಳ ಮೇಲೆ ನಿಂತಿದೆ: ಉದ್ದ, ತೂಕ, ಬಿಗಿತ. ಫ್ರಾನ್ಸಿನ ಪಾದ್ರಿ ಮಾರಿನ್ ಮೆರ್ಸೆನ್ 1636ರಲ್ಲೇ ಈ ಲೆಕ್ಕವನ್ನು ಬರೆದಿಟ್ಟ. ಮಾಮೂಲಿ ಗಿಟಾರಿನ ದಪ್ಪ ತಂತಿ 'ಇ', ಅಂದರೆ ಸೆಕೆಂಡಿಗೆ ಸುಮಾರು 82 ಕಂಪನ. ಏಳನೇ ತಂತಿ 'ಬಿ', ಸುಮಾರು 62 (ಕರಾರುವಾಕ್ಕಾಗಿ 61.7) ಕಂಪನ. ಹಾಗಾದರೆ 'ಇ' ತಂತಿಯನ್ನೇ ಸಡಿಲಿಸಿ 'ಬಿ'ಗೆ ಇಳಿಸಬಹುದಲ್ವಾ? ಇಳಿಸಬಹುದು. ಆದರೆ ಕಂಪನ ಮುಕ್ಕಾಲು ಭಾಗಕ್ಕೆ ಇಳಿಯಬೇಕಾದರೆ ಬಿಗಿತ ಅದರ ವರ್ಗಕ್ಕೆ, ಅಂದರೆ ಸುಮಾರು 56%ಕ್ಕೆ ಇಳಿಯಬೇಕು. ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲಾಡುತ್ತದೆ. ಅಂಥ ತಂತಿಯನ್ನು ಜೋರಾಗಿ ಎಳೆದು ಬಿಟ್ಟರೆ, ಆ ಎಳೆತದಿಂದಲೇ ಬಿಗಿತ ಒಂದು ಕ್ಷಣ ಏರುತ್ತದೆ. ಸ್ವರವೂ ಏರುತ್ತದೆ. ಅಂಗಡಿಯಲ್ಲಿ ಮುಳ್ಳು ಬಲಕ್ಕೆ ಹಾರಿದ್ದು ಇದಕ್ಕೇ.

ಬಿಗಿತ ಉಳಿಸಿಕೊಳ್ಳಬೇಕಾದರೆ ತಂತಿಯ ತೂಕ ಹೆಚ್ಚಿಸಬೇಕು. 'ಇ'ಗೆ 46 ಗೇಜ್ ಹಾಕುವವರು, ಅಂದರೆ 0.046 ಇಂಚು ದಪ್ಪದ್ದು, 'ಬಿ'ಗೆ ಅದೇ ಬಿಗಿತ ಬೇಕೆಂದರೆ 61ರ ಹತ್ತಿರ ಹೋಗಬೇಕು. ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ದಪ್ಪ ತಂತಿ ಪೂರ್ತಿ ತಂತಿಯಾಗಿ ಉಳಿಯುವುದಿಲ್ಲ, ಸ್ವಲ್ಪ ಸರಳಿನ ಗುಣ ಸೇರಿಕೊಳ್ಳುತ್ತದೆ. ಬಾಗಲು ಒಲ್ಲೆ ಅನ್ನುತ್ತದೆ. ಒಂದು ಸ್ವರದ ಒಳಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳು ಇರುತ್ತವೆ. ತಂತಿ ಪೆಡಸಾದಷ್ಟೂ ಈ ಉಪಸ್ವರಗಳು ತಮ್ಮ ಜಾಗ ಬಿಟ್ಟು ಮೇಲಕ್ಕೆ ಜರುಗುತ್ತವೆ. ಸ್ವರ ಮಸುಕಾಗುತ್ತದೆ. ದಪ್ಪ ತಂತಿಗಳಲ್ಲಿ ತೆಳುವಾದ ಉಕ್ಕಿನ ಎಳೆಯ ಸುತ್ತ ಇನ್ನೊಂದು ತಂತಿ ಸುತ್ತಿರುವುದು ಇದಕ್ಕೇ. ಸುತ್ತು ತೂಕ ಕೊಡುತ್ತದೆ, ಒಳಗಿನ ಎಳೆ ಬಳುಕುತ್ತದೆ.

ಉದ್ದ ಸಹಾಯಕ್ಕೆ ಬರುವುದು ಇಲ್ಲಿ. ಅದೇ ತಂತಿಯನ್ನು 25.5ರ ಬದಲು 27 ಇಂಚಿಗೆ ಎಳೆದು ಅದೇ ಸ್ವರಕ್ಕೆ ಕೂರಿಸಿದರೆ ಬಿಗಿತ ಸುಮಾರು 12% ಹೆಚ್ಚುತ್ತದೆ. ಉಪಸ್ವರಗಳ ಆ ಜರುಗಾಟ ಹೆಚ್ಚುಕಡಿಮೆ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಒಂದೂವರೆ ಇಂಚಿಗೆ ಇದು ದೊಡ್ಡ ಲಾಭ. ಸಂಗೀತ ಕಛೇರಿಯ ದೊಡ್ಡ ಪಿಯಾನೋ ಅಷ್ಟು ಉದ್ದ ಇರುವುದಕ್ಕೂ ಇದೇ ಕಾರಣ.

ಆದರೆ ತೆಳು ತಂತಿಗಳಿಗೆ ಈ ಉದ್ದ ಬೇಕಿಲ್ಲ, ಅವು ಸುಮ್ನೆ ಬಿಗಿಯಾಗುತ್ತವೆ. ಅದಕ್ಕೆ ದಪ್ಪ ತಂತಿಯ ಕಡೆ ಉದ್ದ, ತೆಳು ತಂತಿಯ ಕಡೆ ಗಿಡ್ಡ ಇಟ್ಟು, ಗಿಟಾರಿನ ಕತ್ತಿನ (ನೆಕ್) ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಕೂರಿಸುವ ಗಿಟಾರ್‌ಗಳೂ ಇವೆ. ಅಮೆರಿಕದ ರಾಲ್ಫ್ ನೊವಾಕ್ ಇದಕ್ಕೆ 1989ರಲ್ಲಿ ಪೇಟೆಂಟ್ ಪಡೆದರು. ನೋಡಲು ವಿಚಿತ್ರ, ಆದರೆ ಕೈ ಬೇಗ ಒಗ್ಗಿಕೊಳ್ಳುತ್ತದೆ.

ಏಳನೇ ತಂತಿ ಹೊಸದೇನಲ್ಲ. ರಷ್ಯಾದಲ್ಲಿ 19ನೇ ಶತಮಾನದಿಂದಲೂ ಏಳು ತಂತಿಯ ಗಿಟಾರ್ ಇದೆ. ಅಮೆರಿಕದ ಜಾಜ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲೇ ಒಂದನ್ನು ಮಾಡಿಸಿಕೊಂಡಿದ್ದರು. 1990ರಲ್ಲಿ ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆ ಸೇರಿ ಯೂನಿವರ್ಸ್ ಎಂಬ ಏಳು ತಂತಿಯ ಗಿಟಾರ್ ತಂದಿತು. 1994ರಲ್ಲಿ ಕಾರ್ನ್ ಬ್ಯಾಂಡ್ ಅದೇ ತಂತಿಯನ್ನು ಇನ್ನೂ ಕೆಳಗೆ 'ಎ'ಗೆ, 55 ಕಂಪನಕ್ಕೆ ಇಳಿಸಿತು. ಸ್ವೀಡನ್ನಿನ ಮೆಶುಗಾ ಬ್ಯಾಂಡ್ ಎಂಟು ತಂತಿಗೆ ಹೋಯಿತು. ಎಂಟನೆಯ ತಂತಿ ಮಾಮೂಲಾಗಿ 46 ಕಂಪನ. ಮಾಮೂಲಿ ನಾಲ್ಕು ತಂತಿಯ ಬೇಸ್ ಗಿಟಾರಿನ ತೀರಾ ಕೆಳಗಿನ ಸ್ವರವೇ 41, ನೋಡಿ.

ಇನ್ನು ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್‌ಗಳಲ್ಲಿ ಹೆಚ್ಚಿನವು 70-80 ಕಂಪನದ ಕೆಳಗೆ ಬೇಗ ಸೊರಗುತ್ತವೆ. 62ರ ಮೂಲ ಕಂಪನ ಹೊರಗೆ ಬರುವುದೇ ಅತ್ಯಲ್ಪ. ಆದರೂ ನಮಗೆ ಕೆಳಗಿನ 'ಬಿ' ಸ್ಪಷ್ಟವಾಗಿ ಕೇಳುತ್ತದೆ! ತಂಬೂರಿಯಲ್ಲಿ ಗಾಂಧಾರಕ್ಕೆ ತಂತಿ ಇಲ್ಲ, ಆದರೂ ಮಂದ್ರ ಷಡ್ಜದ ಐದನೇ ಉಪಸ್ವರವಾಗಿ ಗಾಂಧಾರ ಕೇಳುತ್ತದಲ್ಲ? ಅದು ಗಾಳಿಯಲ್ಲಿ ನಿಜವಾಗಿ ಇರುವ ಸ್ವರ. ಇಲ್ಲಿ ಆಗುವುದು ಇನ್ನೂ ಸೋಜಿಗ. 123, 185, 247 ಎಂಬ ಉಪಸ್ವರಗಳು ಕಿವಿಗೆ ಬಿದ್ದಾಗ, ಇವೆಲ್ಲ 62ರ ಮಕ್ಕಳು ಎಂದು ಮಿದುಳು ಗುರುತಿಸಿ, ಗಾಳಿಯಲ್ಲಿ ಇಲ್ಲದ ತಾಯಿಸ್ವರವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಆಂಪಿನ ಬೇಸ್ ತಿರುಗಿಸಿ ಹೆಚ್ಚಿಸಿದರೆ ಕೆಸರೆದ್ದಂತೆ ಆಗುತ್ತದೆ, ಅಷ್ಟೇ. ಸ್ವಲ್ಪ ತಗ್ಗಿಸಿ ಮಿಡ್, ಅಂದರೆ ನಡುವಿನ ಕಂಪನಗಳನ್ನು, ಏರಿಸಿ. ಕೆಳಗಿನ ತಂತಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಕೊನೆಗೆ ನಾನು ಮನೆಗೆ ತಂದದ್ದು 27 ಇಂಚಿನದ್ದನ್ನೇ. ಮೊದಲ ವಾರ ಕೈ ಪ್ರತಿ ಹೆಜ್ಜೆಗೂ ತಪ್ಪಿತು. ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿ) ಹತ್ತಿರ ನೆಕ್ಕಿನ ಅಗಲ 43 ಮಿಲಿಮೀಟರ್ ಇದ್ದದ್ದು 48 ಆಗಿತ್ತು. ಮೊದಲ ನಾಲ್ಕು ಫ್ರೆಟ್ ಸೇರಿ 8 ಮಿಲಿಮೀಟರ್ ಉದ್ದವಾಗಿತ್ತು. ಕಿರುಬೆರಳು ಹಳೆಯ ಜಾಗಕ್ಕೆ ಹೋಗಿ ಇಳಿಯುತ್ತಿತ್ತು. ಅದಕ್ಕಿಂತ ಕಷ್ಟ ಆದದ್ದು 'ಇ' ತಂತಿ. ಅಷ್ಟು ವರ್ಷ ಅದು ಅಂಚು, ಗೋಡೆ. ಕೈ ಕಣ್ಣು ಮುಚ್ಚಿಕೊಂಡೂ ಅದನ್ನು ಮುಟ್ಟಿ ಉಳಿದದ್ದನ್ನು ಎಣಿಸುತ್ತಿತ್ತು. ಈಗ ಗೋಡೆ ಒಂದು ತಂತಿ ಆಚೆಗೆ ಸರಿದಿತ್ತು. ಹೆಬ್ಬೆರಳನ್ನು ನೆಕ್ಕಿನ ಮೇಲಂಚಿಗೆ ಏರಿಸುವ ಅಭ್ಯಾಸ ಬಿಟ್ಟು, ಹಿಂದುಗಡೆ ನಡುಮಧ್ಯಕ್ಕೆ ಇಳಿಸಿದ ಮೇಲೆ ಮಣಿಕಟ್ಟಿನ ನೋವು ಹೋಯಿತು. ಹಳೆಯ ಪಾಠಗಳನ್ನು ಅರ್ಧ ವೇಗದಲ್ಲಿ ದಿನಾ ಇಪ್ಪತ್ತು ನಿಮಿಷ ನುಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಒಂದು ಸಂಜೆ ಎರಡನೇ ತಂತಿಯನ್ನು, ಮೇಲಿನ 'ಬಿ'ಯನ್ನು, ಖಾಲಿ ಮೀಟಿ ಕೂಡಲೇ ಬೆರಳಿಟ್ಟು ಅದರ ಕಂಪನ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ಎಲ್ಲಿಂದಲೋ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಒಂದೊಂದೇ ತಂತಿ ಮುಟ್ಟುತ್ತಾ ಬಂದೆ. ಏಳನೆಯದನ್ನು ಮುಟ್ಟಿದಾಗ ನಿಂತಿತು. 62ರ ನಾಲ್ಕರಷ್ಟು 247, ಎರಡನೇ ತಂತಿಯ ಸ್ವರವೇ ಅದು. ನಾನು ಮುಟ್ಟದೇ ಇದ್ದ ತಂತಿ ತನ್ನ ನಾಲ್ಕನೇ ಉಪಸ್ವರದಲ್ಲಿ ಹಾಡುತ್ತಿತ್ತು. ಡಿಸ್ಟಾರ್ಷನ್, ಅಂದರೆ ಸದ್ದನ್ನು ಒರಟಾಗಿಸುವ ಎಫೆಕ್ಟ್, ಹಾಕಿದರೆ ಇದೇ ಗುಂಯ್ ದೊಡ್ಡ ಗದ್ದಲವಾಗುತ್ತದೆ. ಅದಕ್ಕೆ ಬಲ ಅಂಗೈಯ ಅಂಚನ್ನು ಏಳನೇ ತಂತಿಯ ಮೇಲೆ ಹಗುರವಾಗಿ ಊರುವುದನ್ನು ಕಲಿತೆ. ಮೂರನೇ ವಾರದ ಹೊತ್ತಿಗೆ ಅಂಗೈ ತಾನಾಗಿಯೇ ಹೋಗಿ ಅಲ್ಲಿ ಕೂರತೊಡಗಿತು. ಡಿಸ್ಟಾರ್ಷನ್ ಇಲ್ಲದೆ ನುಡಿಸುವಾಗ ಮಾತ್ರ ಈಗಲೂ ಬೇಕಂತಲೇ ಕೈ ಎತ್ತುತ್ತೇನೆ, ಆ ಗುಂಯ್ ಕೇಳಲಿ ಅಂತ.