ಎಷ್ಟು ಕೊಡುತ್ತೆ?

ಹೊಸ ಕಾರು ಮನೆ ಮುಂದೆ ನಿಂತರೆ ನಮ್ಮಲ್ಲಿ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಕೊಡುತ್ತೆ?’ ನನ್ನ ಡೀಸೆಲ್ ಕಾರು ಹೈವೇಯಲ್ಲಿ ಲೀಟರಿಗೆ 20 ಕಿ.ಮೀ. ಕೊಡುತ್ತದೆ. ಹೇಳುವಾಗ ಸ್ವಲ್ಪ ಜಂಬವೂ ಇರುತ್ತದೆ. ಸೈಲೆನ್ಸರಿನಿಂದ ಎಷ್ಟು ಬಿಡುತ್ತೆ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಅದು ಉರಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.6 ಕೆಜಿ! ಲೆಕ್ಕ ತಪ್ಪಿಲ್ಲ. ಡೀಸೆಲ್‌ನ ಒಂದೊಂದು ಕಾರ್ಬನ್ ಪರಮಾಣುವೂ ಗಾಳಿಯಲ್ಲಿನ ಎರಡೆರಡು ಆಮ್ಲಜನಕ ಪರಮಾಣುಗಳನ್ನು ಕಟ್ಟಿಕೊಂಡು ಹೊರಡುತ್ತದೆ. ಹಾಗಾಗಿ ನನ್ನ ಕಾರು ಕಿಲೋಮೀಟರಿಗೆ ಬಿಡುವುದು 130 ಗ್ರಾಂ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು ಸುಮಾರು 153 ಗ್ರಾಂ ಬಿಡುತ್ತದೆ. ಮೈಲೇಜಿನಲ್ಲಿ ಮೂರನೇ ಒಂದರಷ್ಟು ಮುಂದಿದ್ದರೂ ಇಂಗಾಲದಲ್ಲಿ ಉಳಿತಾಯ ಆದದ್ದು ಶೇ 15 ಮಾತ್ರ. ಡೀಸೆಲ್ ಪೆಟ್ರೋಲಿಗಿಂತ ಭಾರ ಅಲ್ವಾ? ಬಂಕಿನಲ್ಲಿ ಅಳೆಯುವುದು ಲೀಟರಿನಲ್ಲಿ, ಉರಿಯುವುದು ತೂಕದ ಲೆಕ್ಕದಲ್ಲಿ.

ಆ ಉಳಿತಾಯವನ್ನೂ ನಾನು ಉಳಿಸಿಕೊಂಡಿಲ್ಲ. ಮೊದಲು ಬೆಂಗಳೂರಿನಿಂದ ಮೈಸೂರಿಗೆ ರೈಲು ಹಿಡಿಯುತ್ತಿದ್ದೆ. ‘ಹೇಗೂ ಡೀಸೆಲ್ ಕಾರಿದೆಯಲ್ಲ’ ಅಂತ ಈಗ ಕಾರು ತೆಗೆಯುತ್ತೇನೆ. ಹೋಗಿ ಬಂದರೆ ಸುಮಾರು 290 ಕಿ.ಮೀ. ಹತ್ತಿರ ಹತ್ತಿರ 38 ಕೆಜಿ ಇಂಗಾಲದ ಅನಿಲ. ಇಪ್ಪತ್ತೈದು ಕೆಜಿ ಅಕ್ಕಿಮೂಟೆ ಒಂದೂವರೆ ಅನ್ನಿ.

ಹಾಗಂತ ಡೀಸೆಲ್ ಎಂಜಿನ್ನಿನ ಜಾಣತನ ಸುಳ್ಳಲ್ಲ. ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದಂತೆ ಪಂಪಿನ ಬುಡ ಬಿಸಿಯಾಗುತ್ತದೆ. ಇಲ್ಲಿ ಆ ಬಿಸಿಗೇ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಒತ್ತುವುದು ಜಾಸ್ತಿಯಾದಷ್ಟೂ ಚಕ್ರಕ್ಕೆ ದಕ್ಕುವ ಶಕ್ತಿ ಜಾಸ್ತಿ. ಕಾಟ ಶುರುವಾಗುವುದೂ ಅಲ್ಲೇ. ಗಾಳಿಯಲ್ಲಿ ಸುಮ್ನೆ ಇದ್ದ ನೈಟ್ರೋಜನ್, ಆ ಕಾವಿಗೆ ಆಮ್ಲಜನಕದ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದು ಉಸಿರಿನ ನಾಳವನ್ನು ಕೆರಳಿಸುತ್ತದೆ, ಬಿಸಿಲು ಬಿದ್ದರೆ ಉಸಿರಿಗೆ ಕೆಡುಕಾದ ಓಝೋನ್ ಹುಟ್ಟಿಸುತ್ತದೆ. ಪೆಟ್ರೋಲ್ ಕಾರಿನಲ್ಲೂ ಇದು ಹುಟ್ಟುತ್ತದೆ, ಆದರೆ ಅಲ್ಲಿ ಕೆಟಲಿಟಿಕ್ ಕನ್ವರ್ಟರ್ ಎಂಬ ಹೊಗೆ ತೊಳೆಯುವ ಸಾಧನ ಅದನ್ನು ಮುರಿದುಹಾಕುತ್ತದೆ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುವುದರಿಂದ ಆ ಉಪಾಯ ನಡೆಯುವುದಿಲ್ಲ. ಜೊತೆಗೆ ಮಸಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಈ ಗಂಟು ಬಿಡಿಸಲಾಗದೆ ಫೋಕ್ಸ್‌ವ್ಯಾಗನ್ ಎಂಬ ದೊಡ್ಡ ಕಾರು ಕಂಪನಿ ಮೋಸಕ್ಕಿಳಿದ ಕಥೆ ನಿಮಗೆ ನೆನಪಿರಬಹುದು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೊಂದು ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಅಳೆಯುವ ಯಂತ್ರ ಇಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಿಳಿಯಿತು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಲ್ಯಾಬಿನ ಉರುಳೆಗಳ ಮೇಲೆ ಓಡುವಾಗ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ, ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳಿತು. ಪರೀಕ್ಷೆ ನಡೆಯುತ್ತಿದೆ ಅಂತ ಕಾರಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಚಕ್ರ ತಿರುಗುತ್ತಿದೆ, ಸ್ಟೇರಿಂಗ್ ಮಾತ್ರ ಅಲ್ಲಾಡುತ್ತಿಲ್ಲ! ಇಂಥ ಸುಳಿವುಗಳನ್ನು ಹಿಡಿದು ಸಾಫ್ಟ್‌ವೇರ್ ಹೊಗೆ ತೊಳೆಯುವ ಕೆಲಸ ಶುರುಮಾಡುತ್ತಿತ್ತು. ರಸ್ತೆಗೆ ಬಂದ ಮೇಲೆ ಆ ಕೆಲಸಕ್ಕೆ ಬಹುಪಾಲು ರಜೆ. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಈಗಿನ ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಕೆಲವು ಕಾರುಗಳಿಗೆ ಯೂರಿಯಾ ನೀರನ್ನೂ ತುಂಬಿಸಬೇಕು. ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. ಅದರಿಂದ ಹುಟ್ಟುವ ಅಮೋನಿಯಾ, ನೈಟ್ರೋಜನ್ ಆಕ್ಸೈಡನ್ನು ಮತ್ತೆ ನೈಟ್ರೋಜನ್ ಮತ್ತು ನೀರಾಗಿಸುತ್ತದೆ.

ಫಿಲ್ಟರ್ ತುಂಬಿದಾಗ ಎಂಜಿನ್ ಒಂದಿಷ್ಟು ಡೀಸೆಲ್ಲನ್ನು ಬರೀ ಮಸಿ ಸುಡುವುದಕ್ಕೆಂದೇ ಉರಿಸುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿನಲ್ಲಿ ಆ ಕೆಲಸ ಮುಗಿಯುವುದೇ ಇಲ್ಲ. ಕಳೆದ ತಿಂಗಳು ನನ್ನ ಕಾರಿನಲ್ಲೂ ಹಳದಿ ಲೈಟ್ ಹೊತ್ತಿಕೊಂಡಿತು. ‘ಸಾರ್, ತುಮಕೂರು ರಸ್ತೇಲಿ ಅರ್ಧ ಗಂಟೆ ಓಡಿಸ್ಕೊಂಡ್ ಬನ್ನಿ, ಸರಿಹೋಗುತ್ತೆ’ ಅಂದ ಮೆಕ್ಯಾನಿಕ್. ಭಾನುವಾರ ಬೆಳಿಗ್ಗೆ, ಯಾರ ಮನೆಗೂ ಅಲ್ಲದೆ, ನೆಲಮಂಗಲ ದಾಟಿ ದಾಬಸ್‌ಪೇಟೆವರೆಗೆ ಹೋಗಿ ಬಂದೆ. ಲೈಟ್ ಆರಿತು. ಮಸಿ ಸುಡುವಷ್ಟು ಹೊತ್ತು ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ 14ಕ್ಕೆ ಇಳಿದಿತ್ತು. ಟೋಲ್ ಬೇರೆ ಕಟ್ಟಿದೆ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.