ದೂರ ಜಾಸ್ತಿ, ಹೊತ್ತು ಕಮ್ಮಿ
ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ನೆಟ್‌ನಲ್ಲಿ ಹುಡುಕಿದರೆ ಸುಮಾರು 12,400 ಕಿ.ಮೀ. ಎಂಬ ಉತ್ತರ ಬರುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಂಡರೆ ಹೆಚ್ಚುಕಮ್ಮಿ ಹದಿಮೂರು ಮುಕ್ಕಾಲು ಗಂಟೆಯ ಪ್ರಯಾಣ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವಿಮಾನ ಅದೇ ದಾರಿ ಹಿಡಿಯಬೇಕಲ್ಲ!

ಗ್ಲೋಬ್ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದೇ ಇಲ್ಲ. ಚೀನಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ತನಕ ಹೋಗಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಇದು ಗೊತ್ತಾಗುವುದಿಲ್ಲ. ಆ 12,400 ಕಿ.ಮೀ. ಎನ್ನುವುದು ಈ ದಾರದ ಅಳತೆ.

ಏರ್ ಇಂಡಿಯಾ ವಿಮಾನ ಮೊದಲು ದೆಹಲಿಯಿಂದ ಪಶ್ಚಿಮಕ್ಕೆ ಹೊರಟು, ಅಟ್ಲಾಂಟಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಿಕ್ಕನ್ನೇ ಬದಲಿಸಿತು. ವಿಮಾನ ಪೂರ್ವಕ್ಕೆ ಹೊರಟು ಪೆಸಿಫಿಕ್ ಮೇಲಿಂದ ಹಾರಿತು. ದೂರ 15,300 ಕಿ.ಮೀ.ಗೆ ಏರಿತು, ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಬೇಗ!

15,300ನ್ನು 14.5ರಿಂದ ಭಾಗಿಸಿ. ಗಂಟೆಗೆ 1,055 ಕಿ.ಮೀ. ಬರುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಭಾಗಾಕಾರವೇ. ವಿಮಾನದ ವೇಗ 900 ಅಲ್ವಾ, ಮಿಕ್ಕ ನೂರೈವತ್ತು ಎಲ್ಲಿಂದ ಬಂತು?

ಗಾಳಿಯಿಂದ. ವಿಮಾನದ 900 ಕಿ.ಮೀ. ವೇಗ ಸುತ್ತಲಿನ ಗಾಳಿಗೆ ಹೋಲಿಸಿದ್ದು, ಕೆಳಗಿನ ನೆಲಕ್ಕಲ್ಲ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿ ಬೀಸುತ್ತಿರುತ್ತದೆ. ಬಿಸಿಯಾದ ಉಷ್ಣವಲಯಕ್ಕೂ ತಣ್ಣನೆಯ ಧ್ರುವ ಪ್ರದೇಶಕ್ಕೂ ಇರುವ ತಾಪದ ವ್ಯತ್ಯಾಸ ಅದನ್ನು ಹುಟ್ಟಿಸುತ್ತದೆ. ಭೂಮಿಯ ತಿರುಗಾಟ ಅದನ್ನು ಪೂರ್ವಕ್ಕೆ ಹೊರಳಿಸುತ್ತದೆ. ಚಳಿಗಾಲದಲ್ಲಿ ಇದರ ಅಬ್ಬರ ಇನ್ನೂ ಜಾಸ್ತಿ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನವೇ ಬೇಗ ತಲುಪಬೇಕಲ್ಲ ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಆದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ಅದರೊಳಗೆ ಹಾರುವ ವಿಮಾನವೂ ಅಷ್ಟೇ.

ಇನ್ನು ಆಕಾಶಕ್ಕೂ ಗಡಿಗಳಿವೆ. 2022ರಲ್ಲಿ ರಷ್ಯಾ ತನ್ನ ವಾಯುಪ್ರದೇಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದಾಗ, ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಿದ್ದ ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಏರಿತು.

ಗಾಳಿ ಎಷ್ಟು ಕೈಹಿಡಿಯಬಲ್ಲದು ಎಂಬುದಕ್ಕೆ 2020ರ ಫೆಬ್ರವರಿಯಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿತು. ಅಟ್ಲಾಂಟಿಕ್ ಮೇಲೆ ಕಿಯಾರಾ ಬಿರುಗಾಳಿ ಎದ್ದಿತ್ತು. ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಮಾಮೂಲಿಯಾಗಿ ಆರು ಗಂಟೆಗೂ ಮೇಲೆ ಬೇಕು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು, ಅಂದರೆ ಶಬ್ದದ ವೇಗಕ್ಕಿಂತಲೂ ಜಾಸ್ತಿ. ಆದರೆ ಸುತ್ತಲಿನ ಗಾಳಿಯೂ ಜೊತೆಗೇ ಓಡುತ್ತಿದ್ದುದರಿಂದ ಗಾಳಿಯ ಲೆಕ್ಕದಲ್ಲಿ ಅದು ಶಬ್ದದ ವೇಗವನ್ನು ಮೀರಲಿಲ್ಲ.