ಪದ ಪರಿಚಯ: ಶಾಖಾಘಾತ ಪ್ರೋಟೀನು

ಕೊಡಗಿನಲ್ಲಿ ಬಿಸಿಲಿನ ಮಾತು ಬಂತೆಂದರೆ ಅದು ಕಾಫಿಯ ಮಾತೇ. ಹೂಮಳೆ ಬಂತೇ, ಬಂದದ್ದು ಸಾಕೇ, ಮೆಣಸಿನ ಬಳ್ಳಿ ಬಾಡಿತೇ. ಭತ್ತದ ಬಗ್ಗೆ ಯಾರೂ ಹೀಗೆ ವಿಚಾರಿಸುವುದಿಲ್ಲ. ಮಾರ್ಚಿ ತಿಂಗಳಲ್ಲಿ ನಮ್ಮ ಬಹುತೇಕ ಗದ್ದೆಗಳಲ್ಲಿ ಇರುವುದು ಒಣಗಿದ ಕೂಳೆ, ಮೇಯುವ ದನ ಅಷ್ಟೇ. ಆದರೆ 'ಬಿಸಿಲು ತಡೆಯುವ ಭತ್ತದ ಜೀನ್ ಪತ್ತೆ' ಎಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಆ ಸುದ್ದಿಯನ್ನು ಅರ್ಥ ಮಾಡಿಕೊಳ್ಳಲು ಮೊದಲು ಬೇಕಾದದ್ದು ಈ ಪದ.

ಜೀವಕೋಶಕ್ಕೆ ಅಭ್ಯಾಸವಿರುವುದಕ್ಕಿಂತ ಹೆಚ್ಚು ಶಾಖ ತಟ್ಟಿದಾಗ ಅದು ತುರ್ತಾಗಿ ತಯಾರಿಸಿಕೊಳ್ಳುವ ರಕ್ಷಕ ಪ್ರೋಟೀನುಗಳಿಗೆ ಶಾಖಾಘಾತ ಪ್ರೋಟೀನು ಎನ್ನುತ್ತಾರೆ. ಇವುಗಳ ಸುಳಿವು ಮೊದಲು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚ್ಚೊ ರಿಟೋಸ್ಸಾ ಎಂಬ ವಿಜ್ಞಾನಿ ಶಾಖ ಹೆಚ್ಚಾದಾಗ ನೊಣದ ಕ್ರೋಮೊಸೋಮಿನ ಕೆಲವು ಜಾಗಗಳು ಉಬ್ಬುವುದನ್ನು ಕಂಡು 1962ರಲ್ಲಿ ವರದಿ ಮಾಡಿದರು. ಉಬ್ಬಿದ ಜಾಗವೆಂದರೆ ಅಲ್ಲಿನ ಜೀನುಗಳು ಬಿರುಸಿನಿಂದ ಕೆಲಸ ಮಾಡುತ್ತಿವೆ ಎಂದರ್ಥ. ಅವು ತಯಾರಿಸುತ್ತಿದ್ದ ಪ್ರೋಟೀನುಗಳು 1974ರಲ್ಲಿ ಗುರುತಿಗೆ ಸಿಕ್ಕವು. ಆಮೇಲೆ ನೋಡಿದರೆ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಎಲ್ಲರಲ್ಲೂ ಇವೆ.

ಪ್ರೋಟೀನು ಎಂದರೆ ಉದ್ದನೆಯ ಸರಪಳಿ. ಅದು ತನ್ನದೇ ಆಕಾರದಲ್ಲಿ ಮಡಚಿಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಶಾಖ ಏರಿದರೆ ಮಡಿಕೆ ಸಡಿಲವಾಗಿ, ಒಳಗೆ ಅಡಗಿದ್ದ ಅಂಟುವ ಭಾಗಗಳು ಹೊರಬೀಳುತ್ತವೆ. ಆಗ ಬಿಡಿಸದೆ ಇಟ್ಟ ನೂಲ್‌ಪುಟ್ಟಿನ (ಒತ್ತು ಶಾವಿಗೆಯ) ಎಳೆಗಳಂತೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಶಾಖಾಘಾತ ಪ್ರೋಟೀನುಗಳಿಗೆ ಇಲ್ಲಿ ಬೇರೆ ಬೇರೆ ಕೆಲಸ. ಸಣ್ಣವು ಸಡಿಲಾದ ಸರಪಳಿಯನ್ನು ಹಿಡಿದು ಅಂಟದಂತೆ ನೋಡಿಕೊಳ್ಳುತ್ತವೆ. ಎಚ್‌ಎಸ್‌ಪಿ 70 (ಶಾಖಾಘಾತ ಪ್ರೋಟೀನಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಚ್‌ಎಸ್‌ಪಿ) ಎಂಬುದು ಮತ್ತೆ ಮಡಚಲು ನೆರವಾಗುತ್ತದೆ. ಆಗಲೇ ಮುದ್ದೆಯಾದದ್ದನ್ನೂ ಎಳೆ ಎಳೆಯಾಗಿ ಬಿಡಿಸಬಲ್ಲದ್ದು ಎಚ್‌ಎಸ್‌ಪಿ 101. ಹೆಸರಿನ ಮುಂದಿನ ಅಂಕಿ ಅಣುತೂಕದ್ದು, ಕಿಲೋಡಾಲ್ಟನ್ ಲೆಕ್ಕದಲ್ಲಿ.

ಶಾಖ ಬಂತೆಂದು ಜೀನಿಗೆ ತಿಳಿಯುವ ಬಗೆ ನನಗೆ ಇಡೀ ವಿಷಯದಲ್ಲೇ ಹೆಚ್ಚು ಇಷ್ಟವಾದದ್ದು. ಈ ಜೀನುಗಳನ್ನು ಚಾಲೂ ಮಾಡುವುದು ಶಾಖಾಘಾತ ಅಂಶ ಎಂಬ ಇನ್ನೊಂದು ಬಗೆಯ ಪ್ರೋಟೀನು. ತಂಪಾಗಿರುವಾಗ ಎಚ್‌ಎಸ್‌ಪಿ 70, 90ರಂಥವೇ ಅದನ್ನು ಹಿಡಿದು ಸುಮ್ಮನಿರಿಸಿರುತ್ತವೆ. ಶಾಖ ಏರಿ ಎಲ್ಲೆಡೆ ಪ್ರೋಟೀನುಗಳು ಕೆಟ್ಟಾಗ ಹಿಡಿದಿದ್ದವು ರಿಪೇರಿಗೆ ಓಡುತ್ತವೆ. ಹಿಡಿತ ತಪ್ಪಿದ ಅಂಶಗಳು ಮೂರು ಮೂರಾಗಿ ಜೊತೆಗೂಡಿ, ಕೋಶಕೇಂದ್ರಕ್ಕೆ ಹೋಗಿ ಡಿಎನ್ಎಯ ಗೊತ್ತಾದ ಜಾಗದಲ್ಲಿ ಕೂರುತ್ತವೆ. ಕೆಲವೇ ನಿಮಿಷಗಳಲ್ಲಿ ಹೊಸ ಪ್ರೋಟೀನಿಗೆ ಆದೇಶ ಹೊರಡುತ್ತದೆ. ರಿಪೇರಿ ಮುಗಿದು ಕೈ ಖಾಲಿಯಾದ ಎಚ್‌ಎಸ್‌ಪಿಗಳು ವಾಪಸು ಬಂದು ಅದೇ ಅಂಶವನ್ನು ಮತ್ತೆ ಹಿಡಿದು ಕೂರಿಸುತ್ತವೆ. ಹಣ್ಣಿನ ನೊಣ ಇಂಥ ಒಂದೇ ಒಂದು ಅಂಶದಲ್ಲಿ ಸುಧಾರಿಸಿಕೊಂಡರೆ ಭತ್ತದಲ್ಲಿ 25 ಇವೆ. ನೊಣ ನೆರಳಿಗೆ ಹಾರಿ ಹೋಗಬಹುದು, ಭತ್ತ ಎಲ್ಲಿಗೆ ಹೋದೀತು!

ಒಮ್ಮೆ ಹದವಾದ ಬಿಸಿ ತಿಂದ ಸಸಿ, ಮುಂದೆ ಬಂದ ಉರಿಬಿಸಿಯನ್ನು ತಾಳಿಕೊಳ್ಳುತ್ತದೆ. ಇದಕ್ಕೆ ಎಚ್‌ಎಸ್‌ಪಿ 101 ಬೇಕೇ ಬೇಕು. ದೆಹಲಿ ವಿಶ್ವವಿದ್ಯಾಲಯದ ತಂಡವೊಂದು ಬೇರೊಂದು ಗಿಡದ ಈ ಜೀನನ್ನು ಬಾಸ್ಮತಿಗೆ ಸೇರಿಸಿ ಸಸಿಗಳ ಶಾಖ ಸಹಿಷ್ಣುತೆ ಹೆಚ್ಚಿಸಿದ್ದನ್ನು 2003ರಲ್ಲಿ ಪ್ರಕಟಿಸಿತು.

ಸಸಿ ಬದುಕಿತು, ಸರಿ. ಆದರೆ ರೈತನಿಗೆ ಬೇಕಾದದ್ದು ಕಾಳು. ಸುದ್ದಿಗಳು ಎಡವುವುದು ಇಲ್ಲೇ. ಭತ್ತದ ಎಲೆ 40 ಡಿಗ್ರಿಯನ್ನೂ ತಡೆದೀತು, ಹೂ ತಡೆಯದು. ಹೂವು ಸಾಮಾನ್ಯವಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ನಡುವೆ ಹೆಚ್ಚುಕಡಿಮೆ ಒಂದು ಗಂಟೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಉಷ್ಣಾಂಶ ಸುಮಾರು 35 ಡಿಗ್ರಿ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ, ಪರಾಗ ಉದುರುವುದಿಲ್ಲ, ತೆನೆ ಜೊಳ್ಳಾಗುತ್ತದೆ. ಇಡೀ ದಿನದ ಸರಾಸರಿ ಉಷ್ಣಾಂಶಕ್ಕಿಂತ ಆ ಒಂದು ಗಂಟೆಯದ್ದೇ ಲೆಕ್ಕಕ್ಕೆ ಬರುವುದು. ಆದ್ದರಿಂದ 'ಬಿಸಿಲು ತಡೆಯುವ ಜೀನ್' ಎಂದು ಓದಿದಾಗ ನಾನು ಕೇಳುವುದು ಒಂದೇ: ಗಿಡದ ಯಾವ ಭಾಗದಲ್ಲಿ, ಯಾವ ಹಂತದಲ್ಲಿ?

ಹೂವಿನ ಹಂತಕ್ಕೆ ಹೆಸರಾದದ್ದು ನಮ್ಮ ದೇಶದ್ದೇ ಹಳೆಯ ತಳಿ, ನಗೀನಾ 22. ಉತ್ತರ ಪ್ರದೇಶದ್ದು. ಬಿಸಿಲಲ್ಲೂ ಕಾಳು ಕಟ್ಟುವ ಅದರ ಗುಣದ ಒಂದು ಪಾಲು 4ನೇ ಕ್ರೋಮೊಸೋಮಿನ ತುಣುಕೊಂದರಲ್ಲಿದೆ. ಆಫ್ರಿಕಾದ ಭತ್ತದಿಂದ 2015ರಲ್ಲಿ ಚೀನಾದ ವಿಜ್ಞಾನಿಗಳು ಗುರುತಿಸಿದ ಟಿಟಿ1 ಜೀನಿನ ದಾರಿಯೇ ಬೇರೆ. ಅದು ರಿಪೇರಿಗೆ ಹೋಗುವುದಿಲ್ಲ, ಕೆಟ್ಟ ಪ್ರೋಟೀನನ್ನು ಬೇಗ ಬೇಗ ಪುಡಿ ಮಾಡುವ ಯಂತ್ರದ ಒಂದು ಭಾಗ. ಒರೈಜಾ ಅಫಿಸಿನಾಲಿಸ್ ಎಂಬ ಕಾಡು ಭತ್ತದ್ದು ಇನ್ನೂ ಜಾಣತನ. ಅದರ ಒಂದು ತುಣುಕನ್ನು ಊರ ಭತ್ತಕ್ಕೆ ಸೇರಿಸಿದರೆ ಹೂವು ಒಂದೂವರೆ, ಎರಡು ಗಂಟೆ ಮೊದಲೇ ಅರಳುತ್ತದೆ. ಬಿಸಿಲೇರುವ ಹೊತ್ತಿಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಇದರಲ್ಲಿ ಶಾಖಾಘಾತ ಪ್ರೋಟೀನಿನ ಪಾತ್ರವೇ ಇಲ್ಲ. ನನ್ನ ಮಟ್ಟಿಗೆ ತಳಿ ಬೆಳೆಸುವವರಿಗೆ ಹೆಚ್ಚು ಆಸೆ ಹುಟ್ಟಿಸಬೇಕಾದದ್ದು ಈ ದಾರಿಯೇ.

ಇನ್ನು ರಾತ್ರಿಯ ಸೆಕೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು: ಒಣ ಹಂಗಾಮಿನಲ್ಲಿ ಕನಿಷ್ಠ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಇಳಿಯುತ್ತದೆ. ಹಾಲು ತುಂಬುವ ಹಂತದಲ್ಲಿ ಸೆಕೆ ಹೆಚ್ಚಾದರೆ ಪಿಷ್ಟ ಕಟ್ಟುವ ಜೀನುಗಳು ಮಂದವಾಗಿ, ಪಿಷ್ಟ ಒಡೆಯುವ ಅಮೈಲೇಸ್ ಜೀನುಗಳು ಚುರುಕಾಗುತ್ತವೆ. ಅಕ್ಕಿಯ ಹೊಟ್ಟೆ ಸುಣ್ಣದ ಬಣ್ಣಕ್ಕೆ ತಿರುಗಿ, ಮಿಲ್ಲಿಗೆ ಹಾಕಿದರೆ ನುಚ್ಚೇ ಜಾಸ್ತಿ.

ಕೊಡಗಿನಲ್ಲಿ ಜೂನಿನಲ್ಲಿ ಸಸಿಮಡಿ, ಜುಲೈ ಆಗಸ್ಟಿನಲ್ಲಿ ನಾಟಿ, ಹೂವು ಅಕ್ಟೋಬರಿನ ಆಸುಪಾಸು, ಪುತ್ತರಿ ಹೊತ್ತಿಗೆ ಕದಿರು. ಹೂ ಬಿಡುವಾಗ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 30ರ ಒಳಗೇ. ಆದ್ದರಿಂದ ತಡವಾಗಿ ನಾಟಿಯಾದ ಗದ್ದೆಯಲ್ಲಿ ಜೊಳ್ಳು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಚಳಿಯನ್ನು. ಹೊಡೆಯ ಹಂತದಲ್ಲಿ ತಣ್ಣನೆಯ ರಾತ್ರಿಗಳೂ ಪರಾಗವನ್ನು ಹಾಳು ಮಾಡುತ್ತವೆ. ಎಲೆ ಸುಟ್ಟಂತೆ ಕಂಡರೆ ನೋಡಬೇಕಾದದ್ದು ಬೆಂಕಿ ರೋಗವನ್ನು. ಅದು ಮೋಡ, ಇಬ್ಬನಿಯಲ್ಲಿ ಬೆಳೆಯುವ ಶಿಲೀಂಧ್ರ, ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ.

ಶಾಖದ ಪೆಟ್ಟು ನಿಜಕ್ಕೂ ಹತ್ತಿರವಿರುವುದು ಸಿಂಧನೂರು, ಗಂಗಾವತಿ ಕಡೆಯ ಬೇಸಿಗೆ ಭತ್ತಕ್ಕೆ. ಆದರೆ ಅಲ್ಲಿನ ಒಣಗಾಳಿಯಲ್ಲಿ, ಗದ್ದೆಯಲ್ಲಿ ನೀರಿದ್ದರೆ, ತೆನೆ ಬೆವರಿ ಗಾಳಿಗಿಂತ ಕೆಲವು ಡಿಗ್ರಿ ತಂಪಾಗಿರಬಲ್ಲದು. ಒದ್ದೆ ಗಾಳಿಯಲ್ಲಿ ಆ ಅನುಕೂಲ ಕಡಿಮೆ, ಅದೇ 35 ಡಿಗ್ರಿ ಹೆಚ್ಚು ಹಾನಿ ಮಾಡುತ್ತದೆ. ಅಕ್ಟೋಬರಿನಲ್ಲಿ ನಮ್ಮ ಗದ್ದೆಗಳ ಮೇಲಿರುವುದು ಈ ಎರಡನೆಯ ಬಗೆಯ ಗಾಳಿ.